ಖೌಲಾ ನಿಂತ ಮೂಲೆ

ನಮ್ಮ ನಿರಾಶ್ರಿತರ ಕ್ಯಾಂಪಿನ ಹೊಲಿಗೆ ಕೇಂದ್ರದಿಂದ ಏನಾದರೂ ಉಪಯೋಗವಾಯಿತೇ ಎಂದು ಅಳೆದು ನೋಡಲು ರಾಜಧಾನಿ ಅಮ್ಮಾನಿನಿಂದ ರುಬಾ ಎಂಬ ಹುಡುಗಿ ಬಂದಳು. ಅಂಥವರು ಮೊದಲೂ ಬಂದಿದ್ದರು. ಚೆನ್ನಾಗಿ ಕಲಿತಿರಾ, ಸಂತೋಷವಾಯಿತಾ ಎಂದು ಕೇಳುತ್ತಿದ್ದರು, ಸಂತೋಷವಾಯಿತು ಎನ್ನುತ್ತಿದ್ದೆವು. ಫ್ಯಾನು ತಿರುಗುವ, ಗಂಡಸರು ಕಾಲಿಡದ ಕೋಣೆ ಕ್ಯಾಂಪಿನಲ್ಲಿ ಅದೊಂದೇ. ಅದನ್ನು ಕಳೆದುಕೊಳ್ಳುವಷ್ಟು ದಡ್ಡರಾಗಿರಲಿಲ್ಲ ನಾವು.

ರುಬಾ ಬೇರೆಯೇ ದಾರಿ ಹಿಡಿದಳು. ಯಂತ್ರಗಳನ್ನು ಗೋಡೆಗೆ ಸರಿಸಿ ಕೋಣೆಯ ಒಂದೊಂದು ಮೂಲೆಗೂ ಒಂದೊಂದು ಹೆಸರಿಟ್ಟಳು. ಒಂದು, ಸಿರಿಯಾಕ್ಕೆ ವಾಪಸು. ಇನ್ನೊಂದು, ಸಮುದ್ರದಾಚೆಯ ದೇಶ. ಮತ್ತೊಂದು, ಬೇಲಿಯಾಚೆಯ ಪಟ್ಟಣದಲ್ಲಿ ಕೆಲಸ. ಕೊನೆಯದು, ಇಲ್ಲೇ.

"ಹತ್ತು ವರ್ಷ ಕಳೆದ ಮೇಲೆ ಎಲ್ಲಿರ್ತೀರಿ ಅನ್ಸುತ್ತೋ ಆ ಮೂಲೆಗೆ ಹೋಗಿ ನಿಂತ್ಕೊಳ್ಳಿ ಅಕ್ಕಂದಿರಾ. ಅಲ್ಲಿಂದ ನೋಡಿದ್ರೆ ಈ ಹೊಲಿಗೆ ಯಾವ ಕೆಲಸಕ್ಕೆ ಬರುತ್ತೆ ಅಂತ ಮಾತಾಡೋಣ," ಎಂದಳು.

ಯಾರೂ ಅಲುಗಲಿಲ್ಲ. ವಾಪಸು ಎಂದರೆ, ಇವಳಿಗೆ ಹೋಗುವ ಮನಸ್ಸಿದೆ ಎಂದು ಯಾರಾದರೂ ಕ್ಯಾಂಪಿನ ಕಚೇರಿಗೆ ಸುದ್ದಿ ಮುಟ್ಟಿಸಿ ಹೆಸರು ಹೊಡೆಸಿಬಿಡಬಹುದು. ಸಮುದ್ರದಾಚೆ ಎಂದರೆ ಹಾಕಿದ ಅರ್ಜಿಗೆ ಹತ್ತು ಜನರ ಕಣ್ಣು ಬೀಳುತ್ತದೆ. ಪಟ್ಟಣಕ್ಕೆ ಪರವಾನಗಿಯೇ ಇಲ್ಲ. ಇಲ್ಲೇ ಎನ್ನುವುದು ನಮಗೆ ನಾವೇ ಶಾಪ ಹಾಕಿಕೊಂಡಂತೆ. ನಡುವೆ ಕುರಿಗಳ ಹಾಗೆ ಒತ್ತಿಕೊಂಡು ನಿಂತೆವು.

ಆಗ ಖೌಲಾ ಹೊರಟಳು. ನನ್ನ ಪಕ್ಕದ ತಗಡಿನ ಮನೆಯವಳು. ಗಂಡನನ್ನು ಸಿರಿಯಾದ ದರಾದಲ್ಲಿ ಮಣ್ಣು ಮಾಡಿ, ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಗಡಿ ದಾಟಿದವಳು. ನೆಟ್ಟಗೆ ಹೋಗಿ 'ಇಲ್ಲೇ' ಎಂಬ ಮೂಲೆಯಲ್ಲಿ ನಿಂತಳು.

"ನಿನ್ನ ಕಾಲು ಬಿದ್ದೋಗ," ಎಂದಳು ನೌಫಾ. ನಮ್ಮಲ್ಲಿ ಬಾಯಿ ಜೋರಿನವಳು ಅವಳೇ. "ನಾಳೆ ಊರಿಗೆ ಹೋಗೋಣ ಅಂತ ಅತ್ತೆಗೆ ದಿನಾ ಹೇಳ್ತೀಯಲ್ಲೇ, ಅದೆಲ್ಲಾ ಬುರುಡೇನಾ?"

"ಅತ್ತೆಗೆ ಹೇಳೋದು ಬೇರೆ ಕಣೆ. ಇಲ್ಲೇ ಹುಟ್ಟಿದ ನನ್ನ ಮೊಮ್ಮಗನ್ನ ನಿನ್ನೂರು ಯಾವುದೋ ಅಂತ ಕೇಳಿ ನೋಡು. ತಗಡಿನ ಮೇಲೆ ಬರೆದಿರೋ ನಂಬರ್ ಹೇಳ್ತಾನೆ."



"ಅಲ್ಲಿಂದ ನೋಡಿದ್ರೆ ಹೊಲಿಗೆ ಹೇಗೆ ಕಾಣುತ್ತೆ?" ಎಂದು ರುಬಾ ಮೆಲ್ಲಗೆ ಕೇಳಿದಳು.

"ನಮ್ಮ ಮಕ್ಕಳ ಶಾಲೆ ಅಂಗಿ ಹೊರಗಿಂದ ಹೊಲಿದು ಬರುತ್ತೆ. ನಾವು ಇಲ್ಲಿ ಕೂತು ಯಾರೂ ಕೊಳ್ಳದ ಚೀಲ ಹೊಲೀತೀವಿ. ಆ ಅಂಗಿ ಕೆಲಸ ನಮಗೆ ಕೊಡ್ಸಿ."

ಒಬ್ಬಳು ಬಾಯಿ ಬಿಟ್ಟ ಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ. ಹಟಕ್ಕೆಂದೇ ನೌಫಾ ಪಟ್ಟಣದ ಮೂಲೆಗೆ ಹೋಗಿ ನಿಂತಳು. "ಇಲ್ಲಿ ಕೊಡೋ ಸರ್ಟಿಫಿಕೇಟ್ ತೋರಿಸಿದ್ರೆ ಕಾರ್ಖಾನೆಯವರು ಮೂಗು ಒರೆಸ್ಕೊಳ್ಳೋಕೆ ಇಟ್ಕೋತಾರೆ," ಎಂದಳು. ಎಲ್ಲರೂ ನಕ್ಕರು. ನಾನು ವಾಪಸಿನ ಮೂಲೆಗೆ ಹೋದೆ. ಸೂರಿಲ್ಲದ ಊರಿಗೆ ಬರಿಗೈಯಲ್ಲಿ ಹೋಗಿ ಏನು ಮಾಡಲಿ, ಒಂದು ಯಂತ್ರ ಜೊತೆಗಿದ್ದರೆ ಬದುಕಿಕೊಂಡೇನು ಎಂದೆ. ಚಹಾ ಬರುವ ಹೊತ್ತಿಗೆ ಎಲ್ಲ ಮೂಲೆಗಳನ್ನೂ ಸುತ್ತಿ ಬಂದಿದ್ದೆವು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮುಂದಿನ ಬದುಕಿನ ಮಾತೇ ಆಡಿದೆವು, ದನಿ ತಗ್ಗಿಸದೆ.

ಬೇಸಿಗೆ ಶುರುವಾಗುವಾಗ ಲಾರಿ ಬಂತು. ಯಂತ್ರಗಳನ್ನು ಒಂದೊಂದಾಗಿ ಹೇರಿದರು. ಕೇಂದ್ರದ ಮೇಲ್ವಿಚಾರಕ ಒಳ್ಳೆಯವನೇ; ಲಾರಿಯ ಪಕ್ಕ ನಿಂತು ನಮ್ಮ ಮುಖ ನೋಡದೆ ಹೇಳಿದ: "ಮುಂದೆ ಏನೇ ಆದ್ರೂ ಈ ತರಬೇತಿ ಯಾವುದಕ್ಕೂ ಹೊಂದಲ್ಲ ಅಂತ ರುಬಾ ಬರೆದ ವರದೀಲೇ ಇದೆಯಮ್ಮ. ನೀವೇ ಹೇಳಿದ್ದಂತೆ."

ರುಬಾ ಬರದೆಯೂ ಇರಬಹುದಿತ್ತು. ಬಂದಳು. ಖೌಲಾಳ ಮನೆಯ ಚಾಪೆಯ ಮೇಲೆ ಕೂತು, ಕೊಟ್ಟ ಚಹಾ ಮುಟ್ಟಲಿಲ್ಲ.

"ಬದಲಾಯಿಸಿ ಅಂತ ಬರೆದೆ ಅಕ್ಕಾ. ಮುಚ್ಚಿ ಅಂತ ಓದ್ಕೊಂಡ್ರು."

"ಸುಳ್ಳು ಹೇಳಿದಷ್ಟು ದಿನ ಕೋಣೆ ಇತ್ತು, ನಿಜ ಹೇಳಿದ್ವಿ, ಹೋಯ್ತು," ಎಂದಳು ಖೌಲಾ. "ಇವೆರಡು ಬಿಟ್ಟು ಬೇರೆ ಏನಾದ್ರೂ ಹೇಳೋಕೆ ಬರುತ್ತಾ ಮಗಳೇ? ಇದ್ರೆ ಕಲಿಸ್ಕೊಡು, ಅದನ್ನೂ ಹೇಳ್ತೀನಿ."

ಮೂಲೆಯಲ್ಲಿ ಮಲಗಿದ್ದ ಅತ್ತೆ ಹಜ್ಜಾ ಫಿದ್ದಾ, ರುಬಾಳನ್ನು ಕಚೇರಿಯವಳೆಂದುಕೊಂಡು, ಊರಿಗೆ ಬಸ್ಸು ಯಾವಾಗ ಎಂದು ಕೇಳಿದಳು. ನಾಳೆ ಎಂದು ಖೌಲಾಳೇ ಹೇಳಿದಳು. ರುಬಾ ತಲೆ ತಗ್ಗಿಸಿಕೊಂಡು ಅತ್ತಳು.

ಕ್ಯಾಂಪಿನವರ ಸಿಟ್ಟೆಲ್ಲ ಖೌಲಾಳ ಮೇಲೆ ತಿರುಗಿತು. ಅವಳು ಆ ಮೂಲೆಗೆ ಹೋಗದಿದ್ದರೆ ಕೇಂದ್ರ ಉಳಿಯುತ್ತಿತ್ತು ಎಂದರು. ನಲ್ಲಿಯ ಬಳಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ನಾನೊಬ್ಬಳು ಮಾತಾಡಿಸುತ್ತಿದ್ದೆ, ಅದಕ್ಕೆ ನನಗೂ ಬೈಗುಳ ಬಿತ್ತು.

ನಮ್ಮಂಥವರಿಗೆ ಹೊರಗೆ ಪರವಾನಗಿ ಸಿಗುತ್ತಿದ್ದುದು ಟೊಮೆಟೊ ಕೀಳುವ ಕೆಲಸಕ್ಕೆ ಮಾತ್ರ. ಖೌಲಾ ಅದನ್ನೇ ಹಿಡಿದಳು, ನಾನೂ ಹಿಡಿದೆ. ಸುಗ್ಗಿ ಜೋರಾದಾಗ ನೌಫಾಳೂ ಬಂದಳು. ಬೆಳಿಗ್ಗೆ ಬಸ್ಸು ನಮ್ಮನ್ನು ಹೊಲಕ್ಕೆ ಬಿಡುತ್ತಿತ್ತು, ಕತ್ತಲಾಗುವುದರೊಳಗೆ ಬೇಲಿಯೊಳಗೆ ತಂದು ಸುರಿಯುತ್ತಿತ್ತು. ಬಸ್ಸಿನಲ್ಲಿ ಖೌಲಾ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಆಮೇಲಾಮೇಲೆ ನಾನು ಕರೆದರೂ ಬಾರದೆ, ಅವಳು ಕೂರುವುದನ್ನೇ ಬಿಟ್ಟು ಬಾಗಿಲ ಬಳಿ ಕಂಬಿ ಹಿಡಿದು ನಿಲ್ಲುತ್ತಿದ್ದಳು.

ಒಂದು ಸಂಜೆ ಗೇಟಿನ ಮುಂದೆ ಬಸ್ಸುಗಳು ಸಾಲುಗಟ್ಟಿದ್ದವು. ಸೈನಿಕರು ಒಬ್ಬೊಬ್ಬರ ಕಾರ್ಡನ್ನೂ ನೋಡುತ್ತಿದ್ದರು. ಒಳಗೆ ಬೆವರು, ಟೊಮೆಟೊ ಎಲೆಯ ಘಾಟು. ಕಿಟಕಿ ತೆರೆದರೆ ಧೂಳು. ಖೌಲಾ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತ ನಿಂತಿದ್ದಳು. ನೌಫಾ ಬಹಳ ಹೊತ್ತು ಅವಳನ್ನೇ ನೋಡಿ, ಪಕ್ಕದ ಸೀಟಿನಲ್ಲಿಟ್ಟಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಬಾರೇ, ಕೂತ್ಕೊ. ಇವರು ಬೇಗ ಬಿಡೋ ಹಾಗೆ ಕಾಣಲ್ಲ."

ಖೌಲಾ ಕೂತಳು. ಬಸ್ಸು ಒಂದಷ್ಟು ಮುಂದೆ ಸರಿದು ಮತ್ತೆ ನಿಂತಿತು.