ದಿನಾಂಕವಿಲ್ಲದ ಕಾರ್ಡು

ಸೀಮೆಎಣ್ಣೆಯಲ್ಲಿ ಕಾಗದ ನೆನೆಸಿಟ್ಟಂಥ ಒಂದು ವಾಸನೆ, ಸೈಕ್ಲೋಸ್ಟೈಲ್ ಶಾಯಿಯದು. ಸೌಮ್ಯಳ ಅಪ್ಪ ಶಾಲೆಯ ಜವಾನ. ಪರೀಕ್ಷೆ ಬಂತೆಂದರೆ ಪ್ರಶ್ನೆಪತ್ರಿಕೆ ಅಚ್ಚು ಹಾಕಿ ಹಾಕಿ ಅವನ ಅಂಗಿಯ ತುಂಬ ಅದೇ ವಾಸನೆ. ಅಚ್ಚಾದದ್ದನ್ನೆಲ್ಲ ಮೂಸಿ ನೋಡುವ ಚಾಳಿ ಅವಳಿಗೆ ಅಂದೇ ಅಂಟಿಕೊಂಡಿತ್ತು. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಡಿಟಿಪಿ ಅಂಗಡಿಯಲ್ಲಿ ಕೂತಾಗಲೂ ಮೂಗು ಅದನ್ನೇ ಹುಡುಕಿತು. ಸಿಕ್ಕಿದ್ದು ಕಾದ ಪ್ಲಾಸ್ಟಿಕ್ಕಿನ ವಾಸನೆ ಮಾತ್ರ.

ಅವಳು ಬಂದದ್ದು ಗಂಡನ ಉತ್ತರಕ್ರಿಯೆಯ ಕಾರ್ಡು ಮಾಡಿಸಲಿಕ್ಕೆ. ಗಂಡ ನಂದನ ಲಾರಿ ಓಡಿಸುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಮರದ ನಾಟಾ ಹೇರಿಕೊಂಡು ಅಂಕೋಲೆ ಕಡೆ ಹೊರಟವನ ಲಾರಿ ಅರಬೈಲ್ ಘಟ್ಟದಲ್ಲಿ ರಸ್ತೆ ಬದಿಗೆ ನಿಂತಿತ್ತು. ಕೀಲಿ ಅದರಲ್ಲೇ ಇತ್ತು, ಅವನಿರಲಿಲ್ಲ. ಪೊಲೀಸರು ಹುಡುಕಿದರು, ಊರವರು ಕಾಡು ಜಾಲಾಡಿದರು, ಒಂದು ಚಪ್ಪಲಿಯೂ ಸಿಗಲಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು, ಸತ್ತನೆಂದೇ ಕ್ರಿಯೆ ಮುಗಿಸುವುದು ವಾಡಿಕೆ. ತಾನು ಕಣ್ಣು ಮುಚ್ಚುವ ಮೊದಲು ಮಗನಿಗೆ ನೀರು ಬಿಡಬೇಕೆಂದು ಹಾಸಿಗೆ ಹಿಡಿದ ಅತ್ತೆ ವೆಂಕಮ್ಮ ಹಟ ಹಿಡಿದಿದ್ದಳು. ಆ ಮಾತನ್ನು ಮೀರುವುದು ಸೌಮ್ಯಳಿಂದ ಆಗಲಿಲ್ಲ. ಆದರೆ ಕಾರ್ಡು ಊರಿಗೆ ಹಂಚಿದ ಮೇಲೆ ಕಾಯುವ ಹಕ್ಕೂ ತನಗಿರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಅಂಗಡಿಯ ಜ್ಯೋತಿ ಬನವಾಸಿ ಕಡೆಯ ಹುಡುಗಿ. ಪ್ರಿವ್ಯೂದಲ್ಲಿ ಇಡೀ ಹಾಳೆ ತೋರಿಸಿ, ಮನೆಯವರೇ ಬಾಯಿಬಿಟ್ಟು ಆಯ್ತು ಅನ್ನುವ ತನಕ ಅವಳು ಪ್ರಿಂಟ್ ಕೊಡುವವಳಲ್ಲ. ಹಿಂದೊಮ್ಮೆ ಯಾರದೋ ಮದುವೆ ಕಾಗದದಲ್ಲಿ ಇನ್ನಾರದೋ ವರನ ಹೆಸರು ಅಚ್ಚಾಗಿ, ಹುಡುಗಿಯ ಮಾವಂದಿರು ಅಂಗಡಿಗೇ ಬಂದು ಕೂತಿದ್ದರಂತೆ.

"ನೋಡ್ರಿ ಅಕ್ಕಾರ," ಎಂದು ಪರದೆಯನ್ನು ಸೌಮ್ಯಳ ಕಡೆ ತಿರುಗಿಸಿದಳು.

ಹಾಳೆ ಚಿಕ್ಕದಾಗಿ, ಪೂರ್ತಿಯಾಗಿ ನಿಂತಿತ್ತು, ನಾಳೆ ಜನರ ಕೈಯಲ್ಲಿ ಇರುವ ಹಾಗೆಯೇ. ನಂದನನ ಹೆಸರು, ಅದರ ಕೆಳಗೆ ಒಂದು ತಾರೀಖು, ಮಂಗಳವಾರ ದೈವಾಧೀನರಾದರೆಂಬ ಸಾಲು. ಸೌಮ್ಯಳಿಗೆ ಆ ಗಳಿಗೆ ದುಃಖವಾಗಲಿಲ್ಲ, ಎದೆ ಹಗುರಾಯಿತು. ಇಷ್ಟು ವರ್ಷ ಅಳಲಿಕ್ಕೆ ಅವಳಿಗೆ ಒಂದು ದಿನವೇ ಇರಲಿಲ್ಲ. ಯಾರೋ ಈಗ ಮಂಗಳವಾರವನ್ನು ಕೊಟ್ಟಿದ್ದರು.

ಅಷ್ಟರಲ್ಲಿ ಜ್ಯೋತಿಗೂ ಅದು ಕಂಡಿತು. "ತಪ್ಪಾತ್ರಿ. ಮೊನ್ನೆ ಮಾಡಿದ್ದ ಬ್ಯಾರೇರ ಕಾರ್ಡಿನಾಗ ನಿಮ್ಮ ಯಜಮಾನರ ಹೆಸರು ಹಾಕೇನಿ, ಅವರ ತಾರೀಖು ಹಂಗ ಉಳದೈತಿ. ಯಾವ ದಿನ ಹಾಕ್ಲಿ?"

ಸೌಮ್ಯ ಲಾರಿಯ ಕಥೆಯನ್ನೂ ಕೀಲಿಯ ಕಥೆಯನ್ನೂ ಹೇಳಿದಳು. ಜ್ಯೋತಿ ಆ ಸಾಲನ್ನೇ ತೆಗೆದು ಮತ್ತೆ ತೋರಿಸಿದಳು. ಕೆಳಗಿನ ಸಾಲುಗಳು ಮೇಲಕ್ಕೆ ಸರಿದು ನೆಟ್ಟಗೆ ಕೂತಿದ್ದವು, ಹನ್ನೆರಡು ವರ್ಷ ನಡುವೆ ಇರಲೇ ಇಲ್ಲವೆಂಬಂತೆ.

"ಆ ಜಾಗ ಖಾಲಿ ಬಿಡ್ಲಿಕ್ಕೆ ಬತ್ತದಾ ತಂಗಿ?"

ನೋಡಿದವರು ಅಂಗಡಿಯ ತಪ್ಪೆಂದು ನಗುತ್ತಾರೆ ಎಂದು ಜ್ಯೋತಿ ಹೇಳಬಹುದಿತ್ತು. ಅದರ ಬದಲು ಸಾಲಿನ ಜಾಗ ಬಿಟ್ಟು ಮತ್ತೆ ಪ್ರಿವ್ಯೂ ತೆರೆದಳು.

ಸೌಮ್ಯ ನೋಡುತ್ತಾ ಕೂತಳು. ಪರದೆಯ ಮೇಲೆ ಇರುವ ತನಕ ಅದು ಬರಿಯ ಬೆಳಕು. ನಂದನ ಈಗ ಬಂದು ಬಾಗಿಲಲ್ಲಿ ನಿಂತರೂ ಅಳಿಸಬಹುದು. ಆಯ್ತು ಅನ್ನುವ ಬದಲು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು. ಹಿಂದೆ ಕಾಯುತ್ತಿದ್ದ ಲಾರಿ ಏಜೆಂಟನಿಗೆ ಸೈರಣೆ ತಪ್ಪಿತು.

"ನೋಡಿ ನೋಡಿ ಕಂಪ್ಯೂಟರ್ ಸವೀತದೆ ಮಾರಾಯ್ತಿ."

"ಸವೀಲಿ ಬಿಡ್ರಿ, ನಿಮ್ಮ ಲಾರಿ ಮಾರಿ ಹೊಸಾದು ತರೂಣು," ಎಂದು ಜ್ಯೋತಿ ಅವನನ್ನು ಪಕ್ಕದ ಜೆರಾಕ್ಸ್ ಅಂಗಡಿಗೆ ಸಾಗಹಾಕಿದಳು.

ಆಗ ಸೌಮ್ಯಳ ಫೋನು ರಿಂಗಾಯಿತು. ಮೈದುನ ನವೀನ ಮಾಡಿದ್ದು. ಅವನು ಫೋನನ್ನು ತಾಯಿಯ ಬಾಯಿಯ ಹತ್ತಿರ ಹಿಡಿದನೇನೋ, ವೆಂಕಮ್ಮನ ಸಣ್ಣ ದನಿ ಕೇಳಿತು.

"ಆಯ್ತನೇ ಮಗಾ?"

ಮಗನ ಕ್ರಿಯೆಯಾಗಲಿ ಎಂದು ತಾನೇ ಹಟ ಹಿಡಿದ ಆ ತಾಯಿಗೆ ಇನ್ನೇನು ಹೇಳುವುದು? ಸೌಮ್ಯ, "ಆಯ್ತು ಅತ್ತೆ," ಎಂದಳು.

ಜ್ಯೋತಿಗೆ ಅದು ಕೇಳಿತ್ತು. ಆದರೂ ಅವಳು ಪ್ರಿಂಟ್ ಒತ್ತಲಿಲ್ಲ, ಮೌಸಿನಿಂದ ಕೈ ತೆಗೆದು ಸೌಮ್ಯಳ ಮುಖವನ್ನೇ ನೋಡುತ್ತಾ ಕಾದಳು. ಸೌಮ್ಯ ಫೋನು ಇಟ್ಟಳು. ಬಳೆಗಳನ್ನು ಒಮ್ಮೆ ಮೊಣಕೈ ಕಡೆ ಏರಿಸಿಕೊಂಡು, ತಲೆಯಾಡಿಸಿದಳು.

ಹಾಳೆಗಳು ಒಂದರ ಮೇಲೊಂದು ಬಂದು ಬಿದ್ದವು. ಸೌಮ್ಯ ಮೊದಲನೆಯದನ್ನು ಎತ್ತಿ ಮೂಗಿಗೆ ಹಿಡಿದಳು. ಬಿಸಿಯಿತ್ತು; ವಾಸನೆ ಏನೂ ಇರಲಿಲ್ಲ. ಹೆಸರಿನ ಕೆಳಗೆ ಒಂದು ಸಾಲಿನಷ್ಟು ಬಿಳಿ. ಇನ್ನು ಸಂಜೆ ಬಸ್ಸು ನಿಂತ ಸದ್ದಾದರೆ ಕಿವಿಗೊಡುವುದಕ್ಕೂ ಅವಳಿಗೆ ಕಾರಣವಿರಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು.

ಜ್ಯೋತಿ ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿದಳು. ಕಾರ್ಡುಗಳನ್ನು ಒತ್ತಿ ಒಪ್ಪ ಮಾಡಿ ಪಕ್ಕಕ್ಕಿಟ್ಟು, ತನ್ನ ಊಟದ ಡಬ್ಬಿ ಬಿಚ್ಚಿದಳು. ಮುಚ್ಚಳದ ಮೇಲೆ ರೊಟ್ಟಿ ಹಾಕಿ, ಝುಣಕವನ್ನೂ ಶೇಂಗಾ ಚಟ್ನಿಯನ್ನೂ ಬಡಿಸಿ, ಸೌಮ್ಯಳ ಕೈಗಿಟ್ಟಳು.