ಮೂಲೆಯ ಗಿಟಾರು

ಆಂಪ್ಲಿಫೈಯರನ್ನು ಓರೆ ಮಾಡಿ ಒಳಗೆ ತೂರಿಸುವಾಗ ಅದು ಬಾಗಿಲ ಚೌಕಟ್ಟಿಗೆ ಬಡಿಯಿತು. ಸದ್ದಿಗೆ ಗುಂಗು ಕೊಡಲೆಂದು ಪೆಟ್ಟಿಗೆಯೊಳಗಿದ್ದ ಸ್ಪ್ರಿಂಗುಗಳು ಝಲ್ಲೆಂದವು.

"ನಿಧಾನ! ಹೆಣ ಮಲಗಿರೋ ಮನೆ," ಎಂದ ಡ್ರಮ್ಮಿನವ.

"ಈ ಸದ್ದಿಗೆ ಅವನೇನು ಎದ್ದುಬಿಡ್ತಾನಾ?" ಎಂದ ಲೀಡ್ ಗಿಟಾರಿನವ, ಅಂದವನೇ ನಾಲಿಗೆ ಕಚ್ಚಿಕೊಂಡ. ಮಂಚದ ತಲೆದೆಸೆಯಲ್ಲಿ ಕೂತಿದ್ದ ಸತ್ತವನ ಹೆಂಡತಿ ಅದನ್ನು ಕೇಳಿಸಿಕೊಂಡಳು. ಅವಳಿಗೆ ಸಿಟ್ಟೇನೂ ಬರಲಿಲ್ಲ.

ಅವಳ ತಂಗಿಗೆ ಮಾತ್ರ ತಡೆಯಲಾಗಲಿಲ್ಲ. "ಅಕ್ಕಾ, ಇದೇನು ಮದುವೆ ಮನೇನಾ? ಗಿಟಾರು, ಡ್ರಮ್ಮು ಎಲ್ಲಾ ತಂದು ಗುಡ್ಡೆ ಹಾಕ್ತಿದಾರಲ್ಲ. ನೋಡಿದೋರು ಏನಂದಾರು?"

"ನಾನೇ ಬರಹೇಳಿದ್ದು. ಒಂದೇ ಒಂದು ಟ್ಯೂನು. ಗಾಡಿ ಹೊರಡೋದ್ರೊಳಗೆ ಮುಗಿಯುತ್ತೆ."

ಯಾಕೆಂದು ಅವಳು ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆ. ಬ್ಯಾಂಡಿನವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ಆ ಸದ್ದುಗಳಲ್ಲಿ ಗಂಡನದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಇವತ್ತು ತಪ್ಪಿದರೆ ಬ್ಯಾಂಡಿನಲ್ಲಿ ಉಳಿದ ಈ ಮೂವರು ಮತ್ತೆ ಒಟ್ಟಿಗೆ ಸೇರುವುದು ಅಷ್ಟರಲ್ಲೇ ಇತ್ತು. ಅವನನ್ನು ಕಳಿಸಿಕೊಡುವ ಮುಂಚೆ ಒಮ್ಮೆಯಾದರೂ ಅವನ ಸದ್ದನ್ನು ಹೆಕ್ಕಿ ತೆಗೆಯಬೇಕು ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

*

ಅವರದು ಹಾಡುಗಾರನಿಲ್ಲದ ಬ್ಯಾಂಡು. ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ಜಾರುವವರಿಗಾಗಿ ಯಾವುದೋ ದೂರದ ದಡದಲ್ಲಿ ಹುಟ್ಟಿದ ಗಿಟಾರು ಸಂಗೀತವನ್ನು ಹಳೆಯ ರೆಕಾರ್ಡುಗಳಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದರು. ನಾಲ್ವರಲ್ಲಿ ಒಬ್ಬನೂ ಸಮುದ್ರ ಕಂಡವನಲ್ಲ. ಬಾಯಿಲ್ಲದ ಬ್ಯಾಂಡು ಎಂದು ಊರು ನಗುತ್ತಿತ್ತು. ಆದರೂ ಲೀಡಿನವನಿಗೆ ಚಪ್ಪಾಳೆ ಬೀಳುತ್ತಿತ್ತು, ಡ್ರಮ್ಮಿನವನಿಗೆ ಶಿಳ್ಳೆ. ಗೋಡೆಗೆ ಒತ್ತಿಕೊಂಡು ರಿದಮ್ ಗಿಟಾರು ಬಾರಿಸುತ್ತಿದ್ದ ಅವಳ ಗಂಡನಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು, ಮೂಲೆ.

ಹಗಲೆಲ್ಲ ಅವನು ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಪಂಪುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಸಂಜೆ ವಾರ್ನಿಷ್ ವಾಸನೆಯ ಕೈಯಲ್ಲೇ ಗಿಟಾರು ಹಿಡಿಯುತ್ತಿದ್ದ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಕರೆಂಟು ಜೋಡಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದ ಅವಳಿಗೆ ಅದು ಒಣ ಎಲೆ ಗುಡಿಸಿದ ಹಾಗೆ ಕೇಳುತ್ತಿತ್ತು.

ಒಮ್ಮೆ ರೇಡಿಯೋದಲ್ಲಿ ಅವರದೇ ಒಂದು ಟ್ಯೂನು ಬಂತು. ಅವನು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಮತ್ತೆ ಮತ್ತೆ ಹಾಕಿದ.

"ಇದರಲ್ಲಿ ನಿಮ್ಮದು ಯಾವುದ್ರೀ?"

"ಮೊದಲಲ್ಲಿ ಆ ನಿರೂಪಕ ಮಾತಾಡ್ತಾನಲ್ಲ, ಅಲ್ಲಿ."

"ಅವನ ಬಾಯೊಳಗೆ ಕೂತು ಬಾರಿಸಿದ್ರಾ? ಕೇಳಿದ್ದಕ್ಕೆ ನೆಟ್ಟಗೆ ಹೇಳೋಕಾಗಲ್ವಾ?" ಎಂದು ಮುಖ ತಿರುವಿ ಅವಳು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ಅವನೂ ಹೇಳಲಿಲ್ಲ, ಅವನು ಮೊದಲೇ ಮಾತಿಗೆ ಜಿಪುಣ.

*

ವೈರುಗಳನ್ನು ಸಿಕ್ಕಿಸಿದ್ದಾಯಿತು. ಹೊರಗೆ ಹೆಣದ ಗಾಡಿಯ ಚಾಲಕ ಗಡಿಯಾರ ನೋಡಿಕೊಳ್ಳುತ್ತಿದ್ದ. ಡ್ರಮ್ಮಿನವ ಕೋಲುಗಳನ್ನು ಒಂದಕ್ಕೊಂದು ತಟ್ಟಿ ಎಣಿಸಿದ. "ಒಂದು, ಎರಡು, ಮೂರು, ನಾಲ್ಕು."

ಸದ್ದೇ ಇಲ್ಲ.

ಲೀಡಿನವ, ಬೇಸ್ ಗಿಟಾರಿನವ, ಡ್ರಮ್ಮಿನವ ಮೂವರೂ ತಂತಮ್ಮ ಕೈ ಎತ್ತಿ ಹಿಡಿದು, ಕೋಣೆಯ ಮೂಲೆಗೆ ಕತ್ತು ತಿರುಗಿಸಿ ಕಾಯುತ್ತಿದ್ದರು. ಅಲ್ಲಿ ಗೋಡೆಗೆ ಒರಗಿಸಿಟ್ಟ ಅವನ ಗಿಟಾರು ಮಾತ್ರ ಇತ್ತು. ಪಕ್ಕದಲ್ಲಿದ್ದ ಅವನ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಯಾರದೋ ರೂಢಿಬಿದ್ದ ಕೈ ಅದರ ಸ್ವಿಚ್ಚನ್ನೂ ಒತ್ತಿತ್ತು.

"ಅಯ್ಯೋ," ಎಂದ ಲೀಡಿನವ. ಕೈ ಕೆಳಗಿಳಿಸಿದ. "ಶುರು ಮಾಡೋನು ಅವನೇ ಅಲ್ವಾ. ಮರೆತೇಬಿಟ್ವಿ."

"ಅವರೇನಾ?" ಎಂದಳು ಹೆಂಡತಿ.

"ಹೂಂ ಅತ್ತಿಗೆ. ಮೊದಲು ಸ್ವಲ್ಪ ಹೊತ್ತು ಅವನೊಬ್ಬನೇ. ಆಮೇಲೆ ನಾವೆಲ್ಲ ಅವನ ಹಿಂದೆ."

"ರೇಡಿಯೋದಲ್ಲಿ ಬಂತಲ್ಲ, ಅದರಲ್ಲೂ?"

"ಅದರಲ್ಲೂ. ಆ ನಿರೂಪಕ ಪುಣ್ಯಾತ್ಮ ಸರಿಯಾಗಿ ಇವನು ಬಾರಿಸೋ ಹೊತ್ತಿಗೇ ಮಾತಾಡಿ ಅದನ್ನ ಮುಚ್ಚಿಹಾಕಿಬಿಟ್ಟ."

ಅವನು ನೆಟ್ಟಗೇ ಹೇಳಿದ್ದ. ಮುಖ ತಿರುವಿದ್ದು ತಾನು. ಬೆಳಗಿನಿಂದ ಬಾರದಿದ್ದ ಅಳು ಈಗ ಒತ್ತರಿಸಿಕೊಂಡು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಷ್ಟೂ ಅತ್ತಳು.

"ನಾನೇ ಆ ಭಾಗ ಬಾರಿಸ್ಲಾ ಅತ್ತಿಗೆ? ಅವನ ಹಾಗೆ ಬರಲ್ಲ, ಆದ್ರೂ..." ಎಂದ ಲೀಡಿನವ.

"ಬೇಡ," ಎಂದಳು ಕಣ್ಣೊರೆಸಿಕೊಂಡು. "ಅವರದ್ದನ್ನ ಹಾಗೇ ಬಿಡಿ. ಅವರಿಗೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಕಾದು ಆಮೇಲೆ ನೀವು ಬನ್ನಿ."

ಡ್ರಮ್ಮಿನವ ಮತ್ತೆ ಕೋಲು ತಟ್ಟಿ ಎಣಿಸಿದ. ನಾಲ್ಕಾದ ಮೇಲೆ ಮನೆ ಗಪ್ಪಾಯಿತು. ಡ್ರಮ್ಮಿನವನ ಹಿಮ್ಮಡಿ ಮಾತ್ರ ತಾಳ ಹಿಡಿದು ನೆಲದ ಮೇಲೆ ಸದ್ದಿಲ್ಲದೆ ಏಳುತ್ತ ಬೀಳುತ್ತ ಇತ್ತು.

ಚಾಲಕ ಬಾಗಿಲಲ್ಲಿ ತಲೆ ತೂರಿಸಿದ. "ಹೊತ್ತಾಯ್ತಮ್ಮಾ. ಯಾವಾಗ ಶುರು ಮಾಡ್ತಾರೆ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಮೂಲೆಯ ಕಡೆಗೆ ಕಿವಿಗೊಟ್ಟು ಕೂತಿದ್ದಳು. ಅಲ್ಲಿ ಗಂಡನ ಆಂಪ್ಲಿಫೈಯರು ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಶ್!" ಎಂದು ತಂಗಿ ಬೆರಳನ್ನು ತುಟಿಗಿಟ್ಟಳು. "ಆಗಲೇ ಶುರುವಾಗಿದೆ."