ಹಬ್ಬಕ್ಕೊಂದು ಫಾರ್ಮ್ಯಾಟ್

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ವಿದ್ಯೆಗಾಗಿ ಅಲ್ಲ, ಹೊಟ್ಟೆಕಿಚ್ಚಿಗಾಗಿ. ದೊಮ್ಮಲೂರಿನಲ್ಲಿ ನಮ್ಮ ಮಾವ ಮುನಿನಾರಾಯಣಪ್ಪನವರು ಮನೆಯ ಹಿಂದೆ ಕಟ್ಟಿಸಿದ್ದ ಸಾಲುಮನೆಗಳಲ್ಲಿ ಕೊನೆಯದಕ್ಕೆ ಬಾಡಿಗೆಗೆ ಬಂದ ಹುಡುಗರು ಒಂದು ದಿನ ಆಟೋದಿಂದ ಕಂಪ್ಯೂಟರ್ ಇಳಿಸಿಕೊಂಡರು. ಮಾವ ಅದನ್ನು ಜಗಲಿಯ ಮೇಲೆ ಕೂತು ಕಣ್ಣಾರೆ ನೋಡಿದರು. "ಬಾಡಿಗೆಯೋರ ಮನೇಲಿ ಇದೆ, ಓನರ್ ಮನೇಲಿ ಇಲ್ಲ ಅಂದ್ರೆ ಬೀದಿಯೋರು ಏನಂದ್ಕೋತಾರೆ?" ಎಂದು ಗೊಣಗುತ್ತಲೇ ಊಟ ಮುಗಿಸಿದರು. ವಾರದೊಳಗೆ ಶಿವಾಜಿನಗರದಿಂದ ರಿಜ್ವಾನ್ ಎಂಬ ಕಂಪ್ಯೂಟರ್ ರಿಪೇರಿಯವನು ಬಂದು, ನಮ್ಮ ನಡುಮನೆಯಲ್ಲಿ ಬಾಡಿಗೆಯವರದ್ದಕ್ಕಿಂತ ದೊಡ್ಡ ಪರದೆಯ ಒಂದನ್ನು ಜೋಡಿಸಿಟ್ಟು ಹೋದ. ಅದು ಎರಡು ಸಾವಿರನೇ ಇಸವಿ.

ನಾನು ಹಂಸ, ಆ ಮನೆಯ ಸೊಸೆ. ಮದುವೆಗೆ ಮುಂಚೆ ಟೈಪಿಂಗ್ ಪಾಸು ಮಾಡಿದ್ದೆ ಎಂಬ ತಪ್ಪಿಗೆ ಕಂಪ್ಯೂಟರಿನ ಉಸ್ತುವಾರಿಯನ್ನು ನನಗೇ ಗಂಟು ಹಾಕಿದರು. ನಾನೇನು ಸುಮ್ಮನೆ ಕೂರುವವಳಲ್ಲ. ಬೀದಿಯವರ ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಎಲ್ಲ ಟೈಪು ಮಾಡಿಕೊಡತೊಡಗಿದೆ. ಆರು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕಂಪ್ಯೂಟರ್ ನಿಧಾನವಾಯಿತು. ಸ್ವಿಚ್ ಒತ್ತಿ, ಸ್ನಾನ ಮಾಡಿ ಬಂದರೂ ಅದಿನ್ನೂ ಕಣ್ಣು ಬಿಡುತ್ತಿರಲಿಲ್ಲ.

ರಿಜ್ವಾನ್ ಬಂದು, ಒಳಗಿದ್ದದ್ದನ್ನೆಲ್ಲ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿದ. ಕಂಪ್ಯೂಟರ್ ಓಡತೊಡಗಿತು. ಮಾವ ಬೆರಗಾಗಿ ಹೋದರು.

"ಏನಪ್ಪಾ ಮಾಡ್ದೆ?"

"ಫಾರ್ಮ್ಯಾಟ್ ಸಾರ್. ಎಲ್ಲಾ ಸಾಫ್ ಮಾಡಿ ಹೊಸದಾಗಿ ಹಾಕೋದು."

"ಎಷ್ಟು ದಿನಕ್ಕೊಂದ್ಸಲ ಮಾಡಿಸ್ಬೇಕು ಇದನ್ನ?"

"ಅದು ನಿಮ್ಮಿಷ್ಟ ಸಾರ್. ಕೆಲವ್ರು ವರ್ಷಕ್ಕೊಂದ್ಸಲ ಮಾಡಿಸ್ತಾರೆ. ಕೆಲವ್ರು ಪೂರಾ ಕೆಟ್ಟೋದ್ಮೇಲೆ ಕರೀತಾರೆ."

ಕೆಟ್ಟ ಮೇಲೆ ಕರೆಯುವ ಜಾತಿಯವರಲ್ಲ ನಮ್ಮ ಮಾವ. ಅವರ ಮನೆಯಲ್ಲಿ ಯುಗಾದಿ ಬಂತೆಂದರೆ ಅಟ್ಟದ ಮೇಲಿನ ಪಾತ್ರೆಯೆಲ್ಲ ಅಂಗಳಕ್ಕೆ ಇಳಿಯುತ್ತದೆ, ಹುಣಸೆಹಣ್ಣು ಹಾಕಿ ಉಜ್ಜಿದ್ದಾಗುತ್ತದೆ, ಗೋಡೆಗೆ ಸುಣ್ಣವಾಗುತ್ತದೆ. ಕೊಳೆ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಹಬ್ಬ ಬಂದಿದೆ, ತೊಳೆಯಬೇಕು, ಅಷ್ಟೇ. ಕಂಪ್ಯೂಟರಿಗೂ ಅದೇ ಕಾನೂನು ಜಾರಿಯಾಯಿತು. ಯುಗಾದಿಗೆ ಒಂದು ಫಾರ್ಮ್ಯಾಟ್, ಗೌರಿ ಗಣೇಶಕ್ಕೆ ಒಂದು, ಸಂಕ್ರಾಂತಿಗೆ ಒಂದು. ಮನೆ ಸಾರಿಸುವ ದಿನವೇ ರಿಜ್ವಾನ್ ತನ್ನ ಸಿಡಿಗಳ ಚೀಲ ಹಿಡಿದು ಬರಬೇಕು. ನಡುವೆ ಯಾರದಾದರೂ ಸೂತಕ ಕಳೆದರೆ, ಅದಕ್ಕೂ ಒಂದು.

ಪ್ರತಿ ಸಲವೂ ನನ್ನ ಕನ್ನಡದ ಅಕ್ಷರಗಳೆಲ್ಲ ಹೋಗುತ್ತಿದ್ದವು, ಪ್ರಿಂಟರ್ ನಾನ್ಯಾರೋ ನೀನ್ಯಾರೋ ಎನ್ನುತ್ತಿತ್ತು. ಪತ್ರಿಕೆಗಳನ್ನು ಫ್ಲಾಪಿಯಲ್ಲಿ ಬಚ್ಚಿಟ್ಟುಕೊಂಡು ಹೇಗೋ ಸುಧಾರಿಸಿಕೊಂಡೆ. ನನಗೆ ಮೈ ಉರಿಯುತ್ತಿತ್ತು ನಿಜ. ಆದರೆ ನಿಜವಾದ ನಷ್ಟ ನನ್ನದಲ್ಲ, ನಮ್ಮ ಅತ್ತೆ ಅಕ್ಕಯಮ್ಮನವರದ್ದು.

ಅತ್ತೆಗೆ ಕಂಪ್ಯೂಟರಿನಲ್ಲಿ ಬೇಕಾಗಿದ್ದದ್ದು ಒಂದೇ, ಮೈನ್‌ಸ್ವೀಪರ್ ಎಂಬ ಆಟ. ಪರದೆಯ ತುಂಬ ಸಣ್ಣ ಸಣ್ಣ ಚೌಕ. ಕೆಲವು ಚೌಕಗಳಡಿ ಬಾಂಬು ಅಡಗಿರುತ್ತದೆ. ಒಂದು ಚೌಕ ತೆರೆದರೆ, ಅದರ ಸುತ್ತ ಎಷ್ಟು ಬಾಂಬಿವೆ ಎಂದು ಅಂಕಿಯೊಂದು ಹೇಳುತ್ತದೆ. ಬಾಂಬು ಮುಟ್ಟದೆ ಉಳಿದದ್ದೆಲ್ಲ ತೆರೆಯಬೇಕು. ಒಂದು ಮಧ್ಯಾಹ್ನ ನಾನು ಬೇಸರಕ್ಕೆ ಆಡುತ್ತಿದ್ದಾಗ ಬೆನ್ನ ಹಿಂದೆ ನಿಂತು ನೋಡಿದ ಅತ್ತೆ, "ಹೊಲದಲ್ಲಿ ಕಲ್ಲು ಎತ್ತೋ ಥರಾನೇ ಇದೆ ಕಣೇ. ಯಾವ ಕಲ್ಲಿನ ಕೆಳಗೆ ಚೇಳಿದೆ ಅಂತ ಪಕ್ಕದ ಕಲ್ಲು ನೋಡಿದ್ರೇ ಗೊತ್ತಾಗುತ್ತೆ. ಏಳು, ನಾನು ನೋಡ್ತೀನಿ," ಎಂದರು. ಅಂದು ಎದ್ದವಳಿಗೆ ಮತ್ತೆ ಮಧ್ಯಾಹ್ನದ ಹೊತ್ತು ಆ ಕುರ್ಚಿ ಸಿಗಲಿಲ್ಲ.

ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವ ಹೆಂಗಸು. ಆದರೆ ಚಿಕ್ಕಂದಿನಿಂದ ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದ ಕೈ, ಅಂಕಿಯ ವಿಷಯದಲ್ಲಿ ಯಾರಿಗೂ ಬಗ್ಗುವಂಥದ್ದಲ್ಲ. ಚಿಕ್ಕ ಹೊಲ ಎಂದು ಅವರು ಕರೆಯುತ್ತಿದ್ದ ಮೊದಲ ಹಂತವನ್ನು ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಿ ಕೈ ಝಾಡಿಸಿಕೊಳ್ಳುತ್ತಿದ್ದರು. ಹಳೆಯ ದಾಖಲೆ ಮುರಿದರೆ ಕಂಪ್ಯೂಟರ್ ನಿಮ್ಮ ಹೆಸರೇನು ಎಂದು ಕೇಳುತ್ತದೆ. ಮೊದಲ ಸಲ ಕೇಳಿದಾಗ ಅತ್ತೆ ನಾಚಿ ಸೆರಗು ಸರಿಮಾಡಿಕೊಂಡರು. ನಾನು ಒಂದೊಂದೇ ಇಂಗ್ಲಿಷ್ ಅಕ್ಷರ ತೋರಿಸಿದೆ, ಅವರೇ ಒತ್ತಿದರು. ಅಕ್ಕಯಮ್ಮ ಎಂದು ಬಂತು. ಅಂದು ಮನೆಗೆ ಬಂದವರನ್ನೆಲ್ಲ, ಹಾಲಿನವನನ್ನೂ ಬಿಡದೆ, ಕರೆದು ತೋರಿಸಿದರು.

ಗಣೇಶನ ಹಬ್ಬ ಬಂತು. ರಿಜ್ವಾನ್ ಬಂದ, ತೊಳೆದ, ಹೋದ. ಅತ್ತೆ ಒಬ್ಬಟ್ಟು ಬೇಯಿಸಿ ಕೈ ಒರೆಸಿಕೊಂಡು ಬಂದು ನೋಡಿದರೆ ಹೆಸರಿಲ್ಲ.

"ಅಲ್ಲಿ ಏನೋ ಬೇರೆ ಬರ್ದಿದೆಯಲ್ಲೇ?"

"ಅನಾನಿಮಸ್ ಅಂತ ಅತ್ತೆ."

"ಯಾರವನು? ನಮ್ಮ ಮನೇಲಿ ಅವನಿಗೇನು ಕೆಲ್ಸ?"

"ಯಾರೂ ಅಲ್ಲ ಅತ್ತೆ. ಹೆಸರು ಗೊತ್ತಿಲ್ಲದೋರು ಅಂತ ಅರ್ಥ."

"ಹೆಸರು ಗೊತ್ತಿಲ್ಲದೋನಿಗೆ ಜಾಗ ಇದೆ. ಹೆಸರಿರೋ ನಂಗಿಲ್ವಾ?"

ಹೀಗೆ ಹಬ್ಬಕ್ಕೊಮ್ಮೆ ಅತ್ತೆಯ ಹೆಸರು ಹೋಗುವುದು, ಆಡಿ ಆಡಿ ಮತ್ತೆ ಬರೆಸಿಕೊಳ್ಳುವುದು ನಡೆಯಿತು. ಮರುವರ್ಷ ಆಯುಧಪೂಜೆಗೆ ಮುಂಚೆ ಅತ್ತೆ ದೊಡ್ಡ ಹೊಲ ಗೆದ್ದರು. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಚೌಕಗಳಿರುವ, ನಾನು ಒಮ್ಮೆಯೂ ಮುಗಿಸದ ಹಂತ ಅದು. ಅವರಿಗೆ ಇಡೀ ಶ್ರಾವಣ ಭಾದ್ರಪದ ಹಿಡಿದಿತ್ತು. ಈ ಸಲ ಹೆಸರಿನ ಅಕ್ಷರಗಳನ್ನು ನನ್ನನ್ನು ಕೇಳದೆ ತಾವೇ ಹುಡುಕಿ ಒತ್ತಿದರು.

ಎರಡು ದಿನಕ್ಕೆ ಮಾವ ರಿಜ್ವಾನ್‌ನನ್ನು ಕರೆಸಿದರು. "ಆಯುಧಪೂಜೆ ಕಣಯ್ಯ. ಗಲೀಜು ಮಿಷನ್ನಿಗೆ ಅರಿಶಿನ ಕುಂಕುಮ ಇಡೋಕಾಗುತ್ತಾ?"

ಅತ್ತೆ ಕುರ್ಚಿಯಿಂದ ಏಳಲಿಲ್ಲ. ರಿಜ್ವಾನ್ ಸಿಡಿ ಹಿಡಿದು ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತ.

"ಏಳೇ," ಎಂದರು ಮಾವ.

"ಏಳಲ್ಲ."

"ಅದ್ರೊಳಗೆ ನಿಂದೇನಿದೆ?"

"ನನ್ನ ಹೆಸರಿದೆ."

ಮಾವ ನಕ್ಕರು. ನಗಬಾರದಿತ್ತು. ಅತ್ತೆ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು.

"ಇನ್ನೆಲ್ಲಿದೆ ಹೇಳಿ. ಗೇಟಿನ ಮೇಲೆ ನಿಮ್ಮ ಹೆಸರು. ಕರೆಂಟ್ ಬಿಲ್ಲಲ್ಲಿ ನಿಮ್ಮ ಹೆಸರು. ಹಿಂದಿನ ಸಾಲುಮನೆ ಪತ್ರದಲ್ಲಿ ನಿಮ್ಮ ಹೆಸರು. ಆ ಜಾಗದಲ್ಲಿ ದಂಟು ಬೆಳ್ದು, ತಲೆ ಮೇಲೆ ಹೊತ್ಕೊಂಡು ಹಲಸೂರಿಗೆ ಹೋಗ್ತಿದ್ದೋಳು ನಾನು. ರೇಷನ್ ಕಾರ್ಡಲ್ಲಿ ಇದೆ ಅಂತೀರೇನೋ. ಅಲ್ಲೂ ನಿಮ್ಮ ಕೆಳಗೆ. ಇದೊಂದ್ರಲ್ಲಿ ಮೇಲೆ ಇದ್ದೀನಿ. ಇದನ್ನ ಅಳಿಸಿದ್ರೆ ಈ ಮನೇಲಿ ಒಲೆ ಹಚ್ಚಲ್ಲ."

ಇಷ್ಟು ವರ್ಷ ಅವರ ಜೊತೆ ಅದೇ ಅಡುಗೆಮನೆಯಲ್ಲಿದ್ದು ನಾನೂ ಇದನ್ನು ಯೋಚಿಸಿರಲಿಲ್ಲ. ಮಾವ ರಿಜ್ವಾನ್ ಕಡೆಗೆ ನೋಡಿದರು.

"ಈ ಹಬ್ಬಕ್ಕೆ ಬಿಟ್ಬಿಡಿ ಸಾರ್," ಎಂದ ಅವನು. "ಮಿಷನ್ ಚೆನ್ನಾಗೇ ಓಡ್ತಿದೆ. ಮೇಲಿಂದ ಬಟ್ಟೇಲಿ ಒರೆಸಿ ಪೂಜೆ ಮಾಡಿ."

ಮಾವ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೂದುಗುಂಬಳಕಾಯಿ ಒಡೆದರು. ಅದೇ ಸಿಟ್ಟಿಗೋ ಏನೋ, ದೀಪಾವಳಿ ಕಳೆದ ಮೇಲೆ ಶಿವಾಜಿನಗರದ ಫುಟ್‌ಪಾತಿನಿಂದ ಪಂಚಾಂಗದ ಸಿಡಿಯೊಂದನ್ನು ಕೊಂಡುತಂದರು. ರಾಹುಕಾಲವನ್ನು ಕಂಪ್ಯೂಟರೇ ಹೇಳುತ್ತದಂತೆ. ಅತ್ತೆ ಆಗ ಕೆ.ಆರ್. ಪುರದಲ್ಲಿರುವ ತಂಗಿ ಶೇಷಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದರು. ಮಾವ ಸಿಡಿ ತೂರಿಸಿದರು. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಆ ಪಂಚಾಂಗದಲ್ಲಿ ರಾಹುಕಾಲ ಮಾತ್ರ ಇತ್ತೆಂದು ಕಾಣುತ್ತದೆ.

ರಿಜ್ವಾನ್ ಬಂದು ನೋಡಿ ತಲೆಯಾಡಿಸಿದ. "ಸಬ್ ಖತಮ್ ಸಾರ್. ವೈರಸ್ ಎಲ್ಲಾ ತಿಂದ್ಬಿಟ್ಟಿದೆ. ಫಾರ್ಮ್ಯಾಟ್ ಮಾಡ್ಲೇಬೇಕು."

"ಫಾರ್ಮ್ಯಾಟ್ ಬೇಡಪ್ಪಾ," ಎಂದರು ಮಾವ.

ರಿಜ್ವಾನ್ ಅವರ ಮುಖ ನೋಡಿದ, ನನ್ನ ಮುಖ ನೋಡಿದ. "ನೀವೇನಾ ಸಾರ್ ಹೇಳ್ತಿರೋದು?"

"ಅವಳ ಹೆಸರೊಂದು ತೆಗೆದಿಟ್ಟು, ಮಿಕ್ಕಿದ್ದು ಏನ್ ಬೇಕಾದ್ರೂ ಮಾಡ್ಕೋ."

"ಹೆಸರು ಒಳಗಿದ್ರೆ ತಾನೇ ಸಾರ್ ತೆಗೆಯೋದು?"

ಅವನು ಹೊಸ ವಿಂಡೋಸ್ ಹಾಕಿ ಹೋದ. ಮಾವ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಅವರ ಮುಖ ಬಾಡಿತ್ತು. ಅತ್ತೆ ಬರುವುದಕ್ಕೆ ಇನ್ನು ಮೂರು ದಿನವಿತ್ತು.

"ಆ ಹೆಸರು ಬರ್ಯೋ ಜಾಗ ಎಲ್ಲಮ್ಮಾ?"

"ಸುಮ್ನೆ ಬರ್ಯೋಕಾಗಲ್ಲ ಮಾವ. ಆಟ ಗೆಲ್ಲಬೇಕು. ತಾಳಿ, ನಾನು ಗೆಲ್ತೀನಿ, ನೀವು ಅತ್ತೆ ಹೆಸರು ಒತ್ತಿ."

"ಬೇಡ. ಕಳ್ದೋನು ನಾನು, ನಾನೇ ತರ್ತೀನಿ. ಹೇಗೆ ಆಡೋದು ಅದೊಂದು ಹೇಳ್ಕೊಡು."

ಹೇಳಿಕೊಟ್ಟೆ. ಅವರು ಕೇಳಿಸಿಕೊಳ್ಳಲಿಲ್ಲ. ಮನೆ ಕಟ್ಟಿಸಿದವರು, ವಾಸ್ತು ಬಲ್ಲವರು. ಯಾವುದೇ ಕೆಲಸ ಈಶಾನ್ಯದಿಂದಲೇ ಶುರುವಾಗಬೇಕೆಂದು ಪರದೆಯ ಬಲಮೇಲಿನ ಮೂಲೆ ಒತ್ತಿದರು. ಬಾಂಬು ಸಿಗಲಿಲ್ಲ. ಆ ಆಟದಲ್ಲಿ ಮೊದಲ ಚೌಕ ಯಾರಿಗೂ, ಎಲ್ಲಿ ಒತ್ತಿದರೂ ಸಿಡಿಯುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಕೇಳದೆ, "ನೋಡಿದ್ಯಾ? ಈಶಾನ್ಯ!" ಎಂದು ಪ್ರತಿ ಸಲ ಮೀಸೆ ತಿರುವಿದರು. ಎರಡನೆಯದಕ್ಕೆ ನೈಋತ್ಯ ಒತ್ತಿದರು. ಢಮಾರ್. ನೈಋತ್ಯದಲ್ಲಿ ಭಾರ ಇರಬೇಕಾದ್ದೇ ಎಂದು ಸಮಾಧಾನ ಹೇಳಿಕೊಂಡರು. ಆ ಸಂಜೆಯ ಹೊತ್ತಿಗೆ ಅವರು ದಿಕ್ಪಾಲಕರ ಮೇಲೆಲ್ಲ ನಂಬಿಕೆ ಕಳೆದುಕೊಂಡಿದ್ದರು.

ಎರಡನೇ ದಿನ ಅಂಕಿ ನೋಡಲು ಕಲಿತರು. ಈಗ ಹೆದರಿಕೆ ಹಿಡಿಯಿತು. ಒಂದು ಚೌಕ ಒತ್ತುವ ಮೊದಲು ಕನ್ನಡಕ ತೆಗೆದು ಒರೆಸುವುದು, ಮನೆದೇವರನ್ನು ನೆನೆಯುವುದು, ಬೆರಳು ಇಳಿಸಿ ಮತ್ತೆ ಎತ್ತುವುದು. ಬಾಡಿಗೆಯವರು ನೀರು ಬಂದಿಲ್ಲ ಎಂದು ಕೂಗಿದರೆ, "ತಡ್ಕೊಳ್ರೋ, ಇಲ್ಲಿ ಬಾಂಬಿದೆ!" ಎಂದು ಅರಚಿದರು. ಆ ಹುಡುಗರು ಬಂದ ದಾರಿಯಲ್ಲೇ ಓಡಿದರು. ಕೊನೆಗೂ ಒಂದು ಆಟ ಗೆದ್ದರು. ಆದರೆ ಕಂಪ್ಯೂಟರ್ ಹೆಸರು ಕೇಳಲಿಲ್ಲ. ಗಡಿಯಾರದ ಅಂಕಿ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತ್ತು. ಅದಕ್ಕೂ ಒಳಗೆ ಮುಗಿಸಿದವರಿಗಷ್ಟೇ ದಾಖಲೆ.

"ಇನ್ನೂ ಬೇಗ ಆಡ್ಬೇಕಾ?" ಎಂದರು ಮಾವ. ಅಷ್ಟು ಹತಾಶೆಯ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ. ಪಾಪ ಎನಿಸಿತು. ನಗುವೂ ಬಂತು. ಅಡುಗೆಮನೆಗೆ ಹೋಗಿ ನಕ್ಕು ಬಂದೆ.

ಮೂರನೇ ದಿನ ಅತ್ತೆಯ ಆಟೋ ಗೇಟಿನಲ್ಲಿ ನಿಲ್ಲುವ ಹೊತ್ತಿಗೆ ಮಾವ ಕೊನೆಯ ಅಕ್ಷರ ಒತ್ತಿ, ಪಕ್ಕದ ಕೋಣೆಗೆ ಹೋಗಿ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತಿದ್ದರು.

ಅತ್ತೆ ಕಾಲು ತೊಳೆದು, ಕಾಫಿ ಕುಡಿದು, ಬಂದು ಕೂತರು. ದಾಖಲೆಯ ಪಟ್ಟಿ ತೆರೆದರು. ದೊಡ್ಡ ಹೊಲದ ಎದುರು ಅನಾನಿಮಸ್. ನಡುವಿನದರ ಎದುರು ಅನಾನಿಮಸ್. ಚಿಕ್ಕ ಹೊಲದ ಎದುರು ಮಾತ್ರ ಅವರ ಹೆಸರಿತ್ತು. ಸೆಕೆಂಡು ಒಂಬೈನೂರ ಎಂಬತ್ತೇಳು.

"ಹಂಸಾ! ಇದ್ಯಾವಳೇ ಈ ಅಕ್ಕಯಮ್ಮ? ಒಂಬೈನೂರ ಎಂಬತ್ತೇಳಾ? ಅಷ್ಟೊತ್ತಿಗೆ ನಾನು ಮನೆಮಂದಿಗೆಲ್ಲ ಮುದ್ದೆ ಮಾಡಿ ಬಡಿಸಿರ್ತೀನಲ್ಲೇ!"

ಪೇಪರಿನ ಹಿಂದಿನಿಂದ ದನಿ ಬಂತು. "ನಾನೇ ಕಣೇ."

"ನೀವೇ ಅಂದ್ರೆ?"

"ನಾನು ತಂದ ಸಿಡಿಯಿಂದ ಎಲ್ಲಾ ಹೋಯ್ತು. ಫಾರ್ಮ್ಯಾಟ್ ಆಯ್ತು. ದೊಡ್ಡದು ನನ್ನ ಕೈಲಿ ಆಗಲಿಲ್ಲ. ಚಿಕ್ಕದ್ರಲ್ಲಿ ಹಾಕಿದೀನಿ."

ಅತ್ತೆ ಮತ್ತೆ ಪರದೆಯ ಕಡೆಗೆ ತಿರುಗಿದರು. ಇನ್ನೇನು ಸಿಡಿಯುತ್ತಾರೆ ಎಂದುಕೊಂಡು, "ಒಂದಾಟ ಆಡಿಬಿಡಿ ಅತ್ತೆ, ನಿಮ್ಮ ಹಳೇ ದಾಖಲೆ ಬಂದ್ಬಿಡುತ್ತೆ. ಇದು ಅಳಿಸಿ ಹೋಗುತ್ತೆ," ಎಂದೆ. ಅತ್ತೆ ಮೌಸಿನ ಮೇಲೆ ಕೈಯಿಟ್ಟರು. ಮತ್ತೆ ತೆಗೆದರು.

"ಇದು ಇರ್ಲಿ," ಎಂದರು. ಆಮೇಲೆ ಪಕ್ಕದ ಕೋಣೆಗೆ ಕೇಳುವಂತೆ, "ನನ್ನ ಹೆಸರು ಬರ್ಯೋಕೆ ಕಲ್ತಿರಲ್ಲ, ಒಳ್ಳೇದಾಯ್ತು. ಹಿಂದಿನ ಸಾಲುಮನೆ ಪತ್ರದಲ್ಲೂ ಬರೀರಿ. ಅಲ್ಲಿ ಎಷ್ಟು ನಿಧಾನ ಆದ್ರೂ ನಾನೇನೂ ಅನ್ನಲ್ಲ," ಎಂದರು.

ನಾನು ಪ್ರಿಂಟರಿನಲ್ಲಿ ಇಲ್ಲದ ಕಾಗದ ಹುಡುಕತೊಡಗಿದೆ.

ಸೋಮವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ನಡುಮನೆಯ ಬಾಗಿಲಲ್ಲಿ ನಿಂತರು. "ಹಲಸೂರಿನ ಲಾಯರ್ ಹತ್ರ ಹೋಗ್ಬೇಕು. ನಿನ್ನ ಸೈನ್ ಬೇಕಾಗುತ್ತೆ, ಬಾ," ಎಂದರು.

ಅತ್ತೆ ದೊಡ್ಡ ಹೊಲದ ನಡುವೆ ಇದ್ದರು. ಪರದೆಯಿಂದ ಕಣ್ಣು ತೆಗೆಯದೆ, "ತಡೀರಿ, ಇದು ಮುಗೀಲಿ," ಎಂದರು.

ಮಾವ ಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾದರು.